ಇಲ್ಲ, ಬೇಡ, ಗೊತ್ತಿಲ್ಲ: ಸ್ಕೀಮಾದಿಂದ ಹುಟ್ಟಿದ ಕೋಡಿನಲ್ಲಿ ಖಾಲಿ ಜಾಗದ ಲೆಕ್ಕ

ವರ್ಡ್‌ನಲ್ಲಿ ಬರೆದ ಯಾವುದಾದರೂ ಕಡತ ತೆಗೆದುಕೊಳ್ಳಿ. ಹೆಸರಿನ ಕೊನೆಯ ‘ಡಾಕ್ಸ್’ ಅಳಿಸಿ ‘ಜಿಪ್’ ಎಂದು ಬದಲಿಸಿ ಬಿಚ್ಚಿದರೆ ಒಳಗೆ ಒಂದಷ್ಟು ಎಕ್ಸ್‌ಎಂಎಲ್ ಕಡತಗಳು ಸಿಗುತ್ತವೆ. ನಮ್ಮ ಬರಹ ಇರುವ ಕಡತದಲ್ಲಿ ದಪ್ಪಕ್ಷರಕ್ಕೆ ‘ಬಿ’ ಎಂಬ ಪುಟ್ಟ ಟ್ಯಾಗು ಇದೆ. ಟ್ಯಾಗು ಇದ್ದರೆ ಅಕ್ಷರ ದಪ್ಪ. ಟ್ಯಾಗು ಇದ್ದು ಅದರ ಬೆಲೆ ಸೊನ್ನೆ ಎಂದಿದ್ದರೆ ದಪ್ಪ ಬೇಡ ಎಂದರ್ಥ. ಟ್ಯಾಗೇ ಇಲ್ಲದಿದ್ದರೆ? ‘ದಪ್ಪ ಅಲ್ಲ’ ಎಂದು ಅವಸರದಲ್ಲಿ ಹೇಳಿಬಿಡುತ್ತೇವೆ. ಆದರೆ ಟ್ಯಾಗು ಇಲ್ಲದಿರುವುದರ ಅರ್ಥ ‘ನನ್ನನ್ನು ಕೇಳಬೇಡಿ, ಸ್ಟೈಲನ್ನು ಕೇಳಿ’ ಎಂದು. ಆ ಸಾಲು ಶೀರ್ಷಿಕೆಯ ಸ್ಟೈಲಿನಲ್ಲಿದ್ದು, ಸ್ಟೈಲ್ ದಪ್ಪ ಎಂದಿದ್ದರೆ ಅಕ್ಷರ ದಪ್ಪವಾಗಿಯೇ ಕಾಣುತ್ತದೆ. ಪರದೆಯ ಮೇಲೆ ಗುಂಡಿ ಒಂದೇ. ಕಡತದಲ್ಲಿ ಉತ್ತರ ಮೂರು.

ಈಗ ಒಬ್ಬ ಪ್ರೋಗ್ರಾಮರ್ ಈ ಕಡತವನ್ನು ಓದಿ ಬರೆಯುವ ತಂತ್ರಾಂಶ ಮಾಡಿದ ಎನ್ನಿ. ದಪ್ಪಕ್ಷರವೆಂದರೆ ಹೌದು, ಅಲ್ಲ ಎನ್ನುವಷ್ಟರ ಮಾತು ತಾನೇ ಎಂದು ಒಂದು ಬೂಲಿಯನ್ ಇಟ್ಟುಕೊಂಡ. ಟ್ಯಾಗು ಕಾಣದ ಕಡೆಯೆಲ್ಲ ‘ಫಾಲ್ಸ್’ ತುಂಬಿಕೊಂಡ. ಕಡತವನ್ನು ಮರಳಿ ಉಳಿಸುವಾಗ ಆ ಫಾಲ್ಸ್‌ಗಳೆಲ್ಲ ‘ದಪ್ಪ ಬೇಡ’ ಎಂಬ ಆಜ್ಞೆಗಳಾಗಿ ಕಡತಕ್ಕಿಳಿದವು. ಶೀರ್ಷಿಕೆಗಳೆಲ್ಲ ಸೊರಗಿದವು. ಯಾರೂ ಒಂದಕ್ಷರ ಮುಟ್ಟಿರಲಿಲ್ಲ, ತೆರೆದು ಉಳಿಸಿದ್ದಷ್ಟೇ. ವರ್ಡ್ ಕಡತಗಳಿಗಾಗಿ ಇರುವ ಡಾಕ್ಸ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯಲ್ಲಿ ಇದಕ್ಕೆಂದೇ ‘ಬೂಲಿಯನ್ ಡೀಫಾಲ್ಟ್ ಟ್ರೂ’ ಎಂಬ ಪ್ರತ್ಯೇಕ ಕ್ಲಾಸ್ ಇದೆ. ಮೊದಲ ಸಲ ನೋಡಿದವರಿಗೆ ಹೆಸರು ವಿಚಿತ್ರವೆನಿಸುತ್ತದೆ. ಮೂರು ಉತ್ತರಗಳ ಕಥೆ ಗೊತ್ತಿದ್ದವರಿಗೆ ಅದು ಬೇಕಾಗಿಯೇ ಇತ್ತು ಎನಿಸುತ್ತದೆ.

ಇಂಥ ಕಡತಗಳಲ್ಲಿ ಏನೇನು ಇರಬೇಕೆಂದು ಹೇಳುವ ಸ್ಕೀಮಾವನ್ನು ಬರೆದವರು ‘ಇದು ಐಚ್ಛಿಕ’ ಎಂದು ಒಂದು ಮಾತು ಹೇಳಿ ಮುಗಿಸುತ್ತಾರೆ. ಆ ಸ್ಕೀಮಾದಿಂದ ಕೋಡ್ ಹುಟ್ಟಿಸುವ ಟೂಲುಗಳು ಆ ಒಂದು ಮಾತನ್ನು ತಮಗೆ ತೋಚಿದ ಹಾಗೆ ಅರ್ಥ ಮಾಡಿಕೊಳ್ಳುತ್ತವೆ. ಕಳೆದ ಎರಡು ದಶಕಗಳಲ್ಲಿ ಬೇರೆಬೇರೆ ಭಾಷೆಗಳು ಹಿಡಿದ ದಾರಿಗಳೇನು, ಪ್ರತಿ ದಾರಿಯಲ್ಲಿ ಕಳೆದುಹೋಗುವುದೇನು ಎಂಬುದೇ ಇಲ್ಲಿಯ ಸಮೀಕ್ಷೆ.

ಸ್ಕೀಮಾ ಹೇಳುವುದು ಎಷ್ಟು?

ಎಕ್ಸ್‌ಎಂಎಲ್ ಬಂದದ್ದು 1998ರಲ್ಲಿ. ಅದರ ಆಕಾರವನ್ನು ಮೊದಲೇ ಗೊತ್ತುಮಾಡುವ ಎಕ್ಸ್‌ಎಂಎಲ್ ಸ್ಕೀಮಾ ಡಬ್ಲ್ಯು3ಸಿ ಶಿಫಾರಸಾಗಿ ಹೊರಬಿದ್ದದ್ದು 2001ರ ಮೇ ತಿಂಗಳಲ್ಲಿ. ಒಂದು ಎಲಿಮೆಂಟ್ ಕನಿಷ್ಠ ಎಷ್ಟು ಸಲ ಬರಬೇಕು ಎಂಬುದನ್ನು ‘ಮಿನ್‌ಆಕರ್ಸ್’ ಹೇಳುತ್ತದೆ. ಅದು ಸೊನ್ನೆಯಾದರೆ ಎಲಿಮೆಂಟ್ ಐಚ್ಛಿಕ. ಏನೂ ಬರೆಯದಿದ್ದರೆ ಒಂದು ಎಂದೇ ಲೆಕ್ಕ, ಅಂದರೆ ಕಡ್ಡಾಯ. ಆಟ್ರಿಬ್ಯೂಟುಗಳ ಕಥೆ ತದ್ವಿರುದ್ಧ: ಅಲ್ಲಿ ಏನೂ ಬರೆಯದಿದ್ದರೆ ಐಚ್ಛಿಕ. ಒಂದೇ ಸ್ಕೀಮಾದೊಳಗೆ ಮೌನಕ್ಕೆ ಎರಡು ಅರ್ಥ. ಗೊಂದಲ ಶುರುವಾಗುವುದೇ ಇಲ್ಲಿಂದ.

ಎಕ್ಸ್‌ಎಂಎಲ್ ಟ್ಯಾಗುಗಳ ಹೆಸರಿಗೆ ಕನ್ನಡ ಅಕ್ಷರಗಳನ್ನು ಬಳಸಲು ಮೊದಲ ಆವೃತ್ತಿಯಿಂದಲೇ ಅಡ್ಡಿಯಿಲ್ಲ. ಹಾಗಾಗಿ ಉದಾಹರಣೆಯನ್ನು ಕನ್ನಡದಲ್ಲೇ ಬರೆದುಕೊಳ್ಳೋಣ. ಒಬ್ಬ ಗ್ರಾಹಕರ ದಾಖಲೆಯಲ್ಲಿ ದೂರವಾಣಿ ಐಚ್ಛಿಕ ಎನ್ನಿ. ನಂಬರ್ ಇಲ್ಲದ ದಾಖಲೆ ನಾಲ್ಕು ರೂಪದಲ್ಲಿ ಬರಬಹುದು.

ಒಂದು, ದೂರವಾಣಿಯ ಟ್ಯಾಗೇ ಇಲ್ಲ.

ಎರಡು, <ದೂರವಾಣಿ></ದೂರವಾಣಿ> ಎಂದು ಖಾಲಿ ಟ್ಯಾಗು.

ಮೂರು, <ದೂರವಾಣಿ> ಟ್ಯಾಗಿನ ಮೇಲೆ ‘ನಿಲ್’ ಎಂಬ ಗುರುತು. ಸ್ಕೀಮಾದಲ್ಲಿ ಆ ಎಲಿಮೆಂಟನ್ನು ‘ನಿಲಬಲ್’ ಎಂದು ಸಾರಿದ್ದರೆ ಮಾತ್ರ ಇದಕ್ಕೆ ಅನುಮತಿ.

ನಾಲ್ಕು, <ದೂರವಾಣಿ>ಇಲ್ಲ</ದೂರವಾಣಿ> ಅಥವಾ <ದೂರವಾಣಿ>0000000000</ದೂರವಾಣಿ>. ಯಂತ್ರದ ಕಣ್ಣಿಗೆ ಇದು ತುಂಬಿದ ಟ್ಯಾಗು.

ಎರಡನೆಯ ರೂಪ ಫೀಲ್ಡಿನ ಜಾತಿಯನ್ನು ಅವಲಂಬಿಸಿರುತ್ತದೆ. ಅದು ಪಠ್ಯವಾಗಿದ್ದರೆ ಖಾಲಿ ಟ್ಯಾಗು ಪೂರ್ತಿ ನ್ಯಾಯಬದ್ಧ: ಉದ್ದ ಸೊನ್ನೆಯಿರುವ ಪಠ್ಯ. ಸಂಖ್ಯೆಯೋ ತಾರೀಖೋ ಆಗಿದ್ದರೆ ಖಾಲಿ ಟ್ಯಾಗು ತಪ್ಪು, ಏಕೆಂದರೆ ಖಾಲಿ ತಾರೀಖು ಎಂಬುದಿಲ್ಲ. ಆದರೂ ‘ಜನ್ಮದಿನಾಂಕ’ಕ್ಕೆ ಖಾಲಿ ಟ್ಯಾಗು ಕಳಿಸುವ ವ್ಯವಸ್ಥೆಗಳನ್ನು ಈ ಕಸುಬಿನಲ್ಲಿ ನಾಲ್ಕು ದಿನ ಇದ್ದವರೆಲ್ಲ ಕಂಡಿದ್ದಾರೆ. ಓದುವ ಟೂಲುಗಳಲ್ಲಿ ಕೆಲವು ಅಲ್ಲೇ ಎಡವಿ ಬೀಳುತ್ತವೆ, ಕೆಲವು ಸದ್ದಿಲ್ಲದೆ ದಾಟಿಹೋಗುತ್ತವೆ.

ಸ್ಕೀಮಾ ಈ ರೂಪಗಳನ್ನು ಗುರುತಿಸುತ್ತದೆ, ಅಷ್ಟೇ. ಯಾವ ರೂಪಕ್ಕೆ ಯಾವ ಅರ್ಥ ಎಂದು ಹೇಳುವುದಿಲ್ಲ. ಆ ಅರ್ಥಗಳನ್ನು ಬೇರ್ಪಡಿಸಲು ಕನ್ನಡದ ಮಾತೇ ಸಾಕು. ಗ್ರಾಹಕರಿಗೆ ಫೋನೇ ಇಲ್ಲ. ಇದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಹಳೆಯ ನಂಬರ್ ಇನ್ನು ಬೇಡ, ಅಳಿಸಿ. ಈ ಖಾತೆಗೆ ಫೋನಿನ ಪ್ರಶ್ನೆಯೇ ಅನ್ವಯಿಸದು. ಇಲ್ಲ, ಗೊತ್ತಿಲ್ಲ, ಬೇಡ, ಅನ್ವಯಿಸದು: ಮನೆಯಲ್ಲಿ ಮಾತಾಡುವಾಗ ಈ ನಾಲ್ಕನ್ನು ನಾವು ಎಂದೂ ಕಲಸುವುದಿಲ್ಲ. ಕೋಡಿಗೆ ಬಂದಾಗ ನಾಲ್ಕೂ ಒಂದೇ ‘ನಲ್’ ಆಗಿಬಿಡುತ್ತವೆ.

ಈ ಜಗಳ ಎಕ್ಸ್‌ಎಂಎಲ್‌ಗಿಂತ ಹಳೆಯದು. ನಲ್ ಎಂಬುದನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗೆ ತಂದ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದುಕೊಂಡರು. ಡೇಟಾಬೇಸ್ ಲೋಕದಲ್ಲಿ ರಿಲೇಶನಲ್ ಮಾದರಿಯ ಜನಕ ಎಡ್ಗರ್ ಕಾಡ್, 1990ರ ತಮ್ಮ ಪುಸ್ತಕದಲ್ಲಿ ಒಂದು ನಲ್ ಸಾಲದು, ಎರಡು ಗುರುತು ಬೇಕು ಎಂದು ವಾದಿಸಿದರು: ಬೆಲೆ ಇರಬೇಕಾದದ್ದು ಆದರೆ ಗೊತ್ತಿಲ್ಲ ಎಂಬುದಕ್ಕೆ ಒಂದು, ಈ ಸಾಲಿಗೆ ಆ ಬೆಲೆ ಅನ್ವಯಿಸುವುದೇ ಇಲ್ಲ ಎಂಬುದಕ್ಕೆ ಇನ್ನೊಂದು. ಬಳಕೆಯ ಡೇಟಾಬೇಸುಗಳು ಆ ಮಾತಿಗೆ ಕಿವಿಗೊಡಲಿಲ್ಲ. ಎಸ್‌ಕ್ಯುಎಲ್‌ನಲ್ಲಿ ಇವತ್ತಿಗೂ ನಲ್ ಒಂದೇ.

ಜಾವಾದ ದಾರಿ: ಸುಮ್ಮನಿದ್ದರೆ ಇಲ್ಲ

ಜಾವಾದಲ್ಲಿ ಸ್ಕೀಮಾದಿಂದ ಕೋಡ್ ಹುಟ್ಟಿಸುವ ಕೆಲಸಕ್ಕೆ ನಿಂತದ್ದು ಜ್ಯಾಕ್ಸ್‌ಬಿ. ಮೊದಲ ಆವೃತ್ತಿ 2003ರದು, ಇಂದಿಗೂ ಜನ ಬಳಸುವ ರೂಪ ಬಂದದ್ದು 2006ರ ಎರಡನೆಯ ಆವೃತ್ತಿಯಲ್ಲಿ. ಆಗ ಜಾವಾ 6ರ ಜೊತೆಗೇ ಬರುತ್ತಿದ್ದ ಇದನ್ನು 2018ರ ಜಾವಾ 11ರಲ್ಲಿ ಹೊರಗಿಟ್ಟರು. ಈಗ ಜಕಾರ್ತಾ ಹೆಸರಿನಡಿ ಬೇರೆಯಾಗಿ ಸಿಗುತ್ತದೆ. ಅದರ ‘ಎಕ್ಸ್‌ಜೆಸಿ’ ಎಂಬ ಟೂಲಿಗೆ ಸ್ಕೀಮಾ ಕೊಟ್ಟರೆ ಕ್ಲಾಸುಗಳನ್ನು ಬರೆದುಕೊಡುತ್ತದೆ.

ಎಕ್ಸ್‌ಜೆಸಿಯ ನಿಯಮ ನೋಡಲು ಸರಳ. ಕಡ್ಡಾಯವಾದ ಪೂರ್ಣಾಂಕಕ್ಕೆ ಜಾವಾದ ಮೂಲ ‘ಇಂಟ್’. ಐಚ್ಛಿಕವಾದದ್ದಕ್ಕೆ ‘ಇಂಟಿಜರ್’ ಎಂಬ ವಸ್ತು, ಅದು ನಲ್ ಆಗಬಹುದು. ನಲ್ ಇದ್ದರೆ ಬರೆಯುವಾಗ ಟ್ಯಾಗು ಬಿಟ್ಟುಹೋಗುತ್ತದೆ. ಎಲಿಮೆಂಟ್ ಕಡ್ಡಾಯವೂ ನಿಲಬಲ್ಲೂ ಆಗಿದ್ದರೆ ಅದೇ ನಲ್, ನಿಲ್ ಗುರುತಿನ ಟ್ಯಾಗಾಗಿ ಹೊರಬರುತ್ತದೆ. ಐಚ್ಛಿಕವೂ ಹೌದು ನಿಲಬಲ್ಲೂ ಹೌದು ಎಂದಾದರೆ ಒಂದು ನಲ್ ಎರಡು ಕೆಲಸ ಮಾಡಲಾರದು. ಆಗ ಎಕ್ಸ್‌ಜೆಸಿ ‘ಜ್ಯಾಕ್ಸ್‌ಬಿ ಎಲಿಮೆಂಟ್’ ಎಂಬ ಇನ್ನೊಂದು ಹೊದಿಕೆ ಹಾಕುತ್ತದೆ. ಹೊದಿಕೆಯೇ ಇಲ್ಲದಿದ್ದರೆ ಟ್ಯಾಗಿಲ್ಲ; ಹೊದಿಕೆಯಿದ್ದು ಒಳಗೆ ಖಾಲಿಯಿದ್ದರೆ ನಿಲ್.

ಈ ಹೊದಿಕೆಯನ್ನು ಬೈಯದ ಜಾವಾ ಪ್ರೋಗ್ರಾಮರ್ ಸಿಗುವುದು ಕಷ್ಟ. ಒಂದು ಸಂಖ್ಯೆ ಇಡಬೇಕೆಂದರೂ ಫ್ಯಾಕ್ಟರಿ ಕರೆಯಬೇಕು, ಹೊದಿಕೆ ಕಟ್ಟಬೇಕು, ಆಮೇಲೆ ಇಡಬೇಕು. ಹಾಗಾಗಿ ಅದನ್ನು ತೆಗೆಸುವ ಒಂದು ಸಾಲಿನ ಸೆಟ್ಟಿಂಗ್ ಎಲ್ಲರ ಬಾಯಲ್ಲೂ ಇದೆ: ಎಕ್ಸ್‌ಜೆಸಿಗೆ ಸೂಚನೆ ಕೊಡುವ ಬೈಂಡಿಂಗ್ ಕಡತದಲ್ಲಿ ‘ಜನರೇಟ್ ಎಲಿಮೆಂಟ್ ಪ್ರಾಪರ್ಟಿ’ಗೆ ಫಾಲ್ಸ್ ಕೊಡಿ ಎಂದು. ಕೊಟ್ಟೊಡನೆ ಕೋಡ್ ಸ್ವಚ್ಛವಾಗುತ್ತದೆ. ಜೊತೆಗೆ ‘ಇಲ್ಲ’ಕ್ಕೂ ‘ನಿಲ್’ಗೂ ಇದ್ದ ಭೇದ ಸದ್ದಿಲ್ಲದೆ ಹೋಗುತ್ತದೆ. ಅನೇಕ ಯೋಜನೆಗಳಿಗೆ ಆ ಭೇದ ಬೇಕಿರುವುದಿಲ್ಲ ನಿಜ. ಆದರೆ ಬೇಕೋ ಬೇಡವೋ ಎಂದು ಯೋಚಿಸಿ ತೆಗೆದವರಿಗಿಂತ, ಕೋಡ್ ಚೆನ್ನಾಗಿ ಕಾಣಲಿ ಎಂದು ತೆಗೆದವರೇ ಹೆಚ್ಚು.

ಜಾವಾದ ದಾರಿಯಲ್ಲಿ ಇನ್ನೊಂದು ಗುಂಡಿ ಕಡ್ಡಾಯದ ಕಡೆ ಇದೆ, ಐಚ್ಛಿಕದ ಕಡೆಯಲ್ಲ. ಕಡ್ಡಾಯವಾದ ‘ಇಂಟ್’ ಫೀಲ್ಡಿನ ಟ್ಯಾಗು ಬಂದ ಕಡತದಲ್ಲಿ ಇಲ್ಲವೆನ್ನಿ. ಜ್ಯಾಕ್ಸ್‌ಬಿ ತಾನಾಗಿ ಸ್ಕೀಮಾ ತಾಳೆ ನೋಡುವುದಿಲ್ಲ, ನಾವು ಸ್ಕೀಮಾ ಕೊಟ್ಟು ಹೇಳಬೇಕು. ಹೇಳದಿದ್ದರೆ ಆ ಫೀಲ್ಡಿನಲ್ಲಿ ಜಾವಾದ ಹುಟ್ಟುಬೆಲೆಯಾದ ಸೊನ್ನೆ ಕೂತಿರುತ್ತದೆ. ‘ಮೊತ್ತ ಬಂದಿಲ್ಲ’ ಎಂಬುದು ‘ಮೊತ್ತ ಸೊನ್ನೆ’ ಎಂದಾಗುತ್ತದೆ. ಕಡ್ಡಾಯ ಎಂಬ ನಂಬಿಕೆಯೇ ಇಲ್ಲಿ ಮೋಸ ಮಾಡುತ್ತದೆ.

ಡಾಟ್‌ನೆಟ್‌ನ ದಾರಿ: ಪ್ರತಿ ಫೀಲ್ಡಿಗೂ ಒಂದು ಬಾಲ

ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಮೊದಲು ಬಂದಾಗ ಸಂಖ್ಯೆ, ತಾರೀಖುಗಳಂಥ ಮೂಲ ಜಾತಿಗಳಿಗೆ ನಲ್ ಇಡುವ ದಾರಿ ಇರಲಿಲ್ಲ. ಅದಕ್ಕೆ ಅದರ ಎಕ್ಸ್‌ಎಸ್‌ಡಿ ಎಂಬ ಟೂಲು ಒಂದು ಉಪಾಯ ಹೂಡಿತು. ‘ದರ’ ಎಂಬ ಐಚ್ಛಿಕ ಫೀಲ್ಡಿದ್ದರೆ ಅದರ ಪಕ್ಕದಲ್ಲೇ ‘ದರ ಸ್ಪೆಸಿಫೈಡ್’ ಎಂಬ ಬೂಲಿಯನ್ನನ್ನು ಹುಟ್ಟಿಸುತ್ತದೆ. ಬಾಲ ನಿಜವಾಗಿದ್ದರೆ ಮಾತ್ರ ಟ್ಯಾಗು ಹೊರಗೆ ಹೋಗುತ್ತದೆ. 2005ರ ಎರಡನೆಯ ಆವೃತ್ತಿಯಲ್ಲಿ ನಲ್ ಆಗಬಲ್ಲ ಸಂಖ್ಯೆಗಳು ಬಂದವು, ಟೂಲು ಅವನ್ನು ನಿಲಬಲ್ ಎಲಿಮೆಂಟುಗಳಿಗೆ ಬಳಸಿಕೊಂಡಿತು. ಐಚ್ಛಿಕ ಫೀಲ್ಡುಗಳ ಬಾಲ ಮಾತ್ರ ಉಳಿದೇಬಿಟ್ಟಿತು. ಪಠ್ಯದ ಫೀಲ್ಡು ಹೇಗೂ ನಲ್ ಆಗಬಲ್ಲದ್ದರಿಂದ ಅದಕ್ಕೆ ಬಾಲ ಇಲ್ಲ. ಒಂದೇ ಕ್ಲಾಸಿನಲ್ಲಿ ಕೆಲವಕ್ಕೆ ಬಾಲ ಇದೆ, ಕೆಲವಕ್ಕೆ ಇಲ್ಲ.

ಈ ಬಾಲದಿಂದ ನನಗೇ ಒಮ್ಮೆ ಪೆಟ್ಟು ಬಿದ್ದಿದೆ. ಸಾಲದ ಅರ್ಜಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವ ಕೆಲಸ. ಕೆಲವು ಅರ್ಜಿಗಳಿಗೆ ಬಡ್ಡಿಯಲ್ಲಿ ರಿಯಾಯಿತಿ. ಒಂದು ಬೆಳಗ್ಗೆ ಆ ಕಡೆಯವರ ಫೋನ್.

“ರಿಯಾಯಿತಿ ಕಳಿಸೇ ಇಲ್ಲವಲ್ಲ ನೀವು?”

“ಕಳಿಸಿದೀವಿ ಸರ್. ಕೋಡ್ ಎದುರಿಗೇ ಇದೆ, ಅರ್ಧ ಪರ್ಸೆಂಟ್ ಅಂತ ಸೆಟ್ ಮಾಡಿದೀವಿ.”

“ನಿಮ್ಮ ಕೋಡ್ ನಂಗೆ ಗೊತ್ತಿಲ್ಲಪ್ಪ. ನಂಗೆ ಬಂದಿರೋ ಫೈಲಲ್ಲಿ ಆ ಟ್ಯಾಗೇ ಇಲ್ಲ.”

ಇಬ್ಬರೂ ಹೇಳಿದ್ದು ನಿಜ. ಬೆಲೆ ಇಟ್ಟಿದ್ದೆ, ಬಾಲ ಎತ್ತಿರಲಿಲ್ಲ. ಕಂಪೈಲರ್ ತಕರಾರು ಮಾಡಲಿಲ್ಲ. ಸ್ಕೀಮಾ ತಾಳೆಯೂ ಪಾಸಾಯಿತು, ಏಕೆಂದರೆ ಆ ಟ್ಯಾಗು ಐಚ್ಛಿಕ ತಾನೇ! ಆ ಕಡೆಯವರ ಕೋಡೂ ರಿಯಾಯಿತಿ ಇಲ್ಲದ ಅರ್ಜಿಯನ್ನು ಸರಿಯಾಗಿಯೇ ಲೆಕ್ಕ ಹಾಕಿತ್ತು. ಮೂರು ಕಾವಲುಗಾರರಿದ್ದೂ ಕಳವಾದದ್ದು ಯಾರಿಗೂ ಗೊತ್ತಾಗಲಿಲ್ಲ. ಐಚ್ಛಿಕ ಬೆಲೆಗಳ ತಪ್ಪುಗಳ ಗುಣವೇ ಇದು. ಕಡ್ಡಾಯವಾದದ್ದು ತಪ್ಪಿದರೆ ಎಲ್ಲೋ ಒಂದು ಕಡೆ ಕೂಗಾಗುತ್ತದೆ. ಐಚ್ಛಿಕವಾದದ್ದು ತಪ್ಪಿದರೆ ಅದು ತಪ್ಪೆಂದು ಹೇಳಲು ಯಾರಿಗೂ ಅಧಿಕಾರವಿಲ್ಲ.

ಕೇಳುವವರು, ಪೆಟ್ಟಿಗೆಯಲ್ಲಿಡುವವರು

ಜಾವಾ ಲೋಕದಲ್ಲೇ ಇನ್ನೊಂದು ಪಂಥವಿತ್ತು. ಬಿಇಎ ಕಂಪನಿಯಲ್ಲಿ ಹುಟ್ಟಿ 2003ರಲ್ಲಿ ಅಪಾಚೆಗೆ ಬಂದ ಎಕ್ಸ್‌ಎಂಎಲ್ ಬೀನ್ಸ್, ಪ್ರತಿ ಐಚ್ಛಿಕ ಫೀಲ್ಡಿಗೂ ಬಿಡಿಬಿಡಿ ಪ್ರಶ್ನೆಗಳನ್ನು ಹುಟ್ಟಿಸುತ್ತದೆ: ಇದನ್ನು ಇಡಲಾಗಿದೆಯೇ? ಇದು ನಿಲ್ ಆಗಿದೆಯೇ? ಇಟ್ಟದ್ದನ್ನು ತೆಗೆದುಹಾಕು, ನಿಲ್ ಮಾಡು ಎಂಬ ಆಜ್ಞೆಗಳೂ ಬೇರೆಬೇರೆ. ಕ್ಯಾಸ್ಟರ್ ಎಂಬ ಹಳೆಯ ಟೂಲಿನಲ್ಲೂ ಇಂಥದೇ ‘ಇದೆಯೇ’ ಪ್ರಶ್ನೆ ಇತ್ತು. ಈ ದಾರಿಯಲ್ಲಿ ಏನೂ ಕಳೆಯುವುದಿಲ್ಲ. ಆದರೆ ಪ್ರಶ್ನೆ ಕೇಳಲೇಬೇಕೆಂಬ ಬಲವಂತವಿಲ್ಲ. ಕೇಳದೆ ನೇರ ಬೆಲೆ ತೆಗೆದವರನ್ನು ಯಾರೂ ತಡೆಯುವುದಿಲ್ಲ.

ಬಲವಂತ ಮಾಡುವುದು ಪೆಟ್ಟಿಗೆಯ ದಾರಿ. ಸಿ++ ಭಾಷೆಗೆ ಕೋಡ್‌ಸಿಂಥೆಸಿಸ್‌ನವರ ಟೂಲು ಸ್ಕೀಮಾದ ಫೀಲ್ಡುಗಳನ್ನು ಮೂರು ಜಾತಿ ಮಾಡುತ್ತದೆ: ಒಂದೇ ಒಂದು, ಇರಬಹುದು ಇಲ್ಲದಿರಬಹುದು, ಸಾಲುಸಾಲು. ನಡುವಿನದಕ್ಕೆ ‘ಆಪ್ಶನಲ್’ ಎಂಬ ಪೆಟ್ಟಿಗೆ. ಒಳಗೆ ಏನಾದರೂ ಇದೆಯೇ ಎಂದು ನೋಡಿ ಆಮೇಲೆ ತೆಗೆಯಬೇಕು. ಹ್ಯಾಸ್ಕೆಲ್‌ನಲ್ಲಿ ಈ ಪೆಟ್ಟಿಗೆಗೆ ‘ಮೇಬಿ’ ಎಂದು ಹೆಸರು, ಸ್ಕಾಲಾ ಮತ್ತು ರಸ್ಟ್‌ಗಳಲ್ಲಿ ‘ಆಪ್ಶನ್’. ಈ ಮೂರರಲ್ಲಿ ಪೆಟ್ಟಿಗೆ ಖಾಲಿಯಾಗಿದ್ದರೆ ಏನು ಮಾಡುತ್ತೀರಿ ಎಂಬುದನ್ನು ಹೇಳದೆ ಮುಂದೆ ಹೋಗಲು ಕಂಪೈಲರ್ ಸುಲಭಕ್ಕೆ ಬಿಡುವುದಿಲ್ಲ. ಸ್ಕಾಲಾದ ಸ್ಕಾಲಾಎಕ್ಸ್‌ಬಿ ಟೂಲು ಇನ್ನೂ ನಿಷ್ಠುರ. ಐಚ್ಛಿಕವೂ ನಿಲಬಲ್ಲೂ ಆದ ಎಲಿಮೆಂಟಿಗೆ ಅದು ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಡುತ್ತದೆ. ಹೊರಗಿನದು ಖಾಲಿಯಿದ್ದರೆ ಟ್ಯಾಗಿಲ್ಲ, ಒಳಗಿನದು ಖಾಲಿಯಿದ್ದರೆ ನಿಲ್. ಜ್ಯಾಕ್ಸ್‌ಬಿಯ ಆ ಹೊದಿಕೆಯ ಗಣಿತವೇ ಇದು. ಭಾಷೆಗೆ ಒಪ್ಪುವ ಹಾಗೆ ಬಂದರೆ ಅದನ್ನೇ ಜನ ಹೊಗಳುತ್ತಾರೆ, ಒಪ್ಪದೆ ಬಂದರೆ ಬೈಯುತ್ತಾರೆ.

ಜಾವಾಕ್ಕೂ 2014ರಲ್ಲಿ ‘ಆಪ್ಶನಲ್’ ಬಂತು. ಆದರೆ ಎಕ್ಸ್‌ಜೆಸಿ ತಾನಾಗಿ ಅದನ್ನು ಮುಟ್ಟುವುದಿಲ್ಲ. ಜಾವಾ ರೂಪಿಸಿದವರ ಉದ್ದೇಶದಲ್ಲೂ ಅದು ಮೆಥಡ್ ಮರಳಿಸುವ ಉತ್ತರಕ್ಕೆ ಇದ್ದದ್ದು, ಫೀಲ್ಡಿನಲ್ಲಿ ಇಟ್ಟುಕೊಳ್ಳಲಿಕ್ಕಲ್ಲ.

ಸೊನ್ನೆ ಮತ್ತು ಇಲ್ಲ

ಗೋ ಭಾಷೆಯದು ಇವೆಲ್ಲಕ್ಕಿಂತ ಬೇರೆ ಸ್ವಭಾವ. ಅಲ್ಲಿ ಪ್ರತಿ ಜಾತಿಗೂ ಒಂದು ಹುಟ್ಟುಬೆಲೆ: ಸಂಖ್ಯೆಗೆ ಸೊನ್ನೆ, ಪಠ್ಯಕ್ಕೆ ಖಾಲಿ, ಬೂಲಿಯನ್‌ಗೆ ಫಾಲ್ಸ್. ಫೀಲ್ಡಿಗೆ ‘ಖಾಲಿಯಿದ್ದರೆ ಬಿಡು’ ಎಂಬ ಗುರುತು ಹಾಕಿದರೆ ಸೊನ್ನೆಯೂ ಖಾಲಿಯ ಲೆಕ್ಕಕ್ಕೇ ಹೋಗಿ ಟ್ಯಾಗು ಬಿಟ್ಟುಹೋಗುತ್ತದೆ. ಗುರುತು ಹಾಕದಿದ್ದರೆ ಇಲ್ಲದ್ದೆಲ್ಲ ಸೊನ್ನೆಯಾಗಿ ಹೊರಡುತ್ತದೆ. ಖಾತೆಯಲ್ಲಿ ಬಾಕಿ ಸೊನ್ನೆ ಎಂಬುದಕ್ಕೂ ಬಾಕಿ ನೋಡಿಲ್ಲ ಎಂಬುದಕ್ಕೂ ಇರುವ ಅಂತರ ಉಳಿಯಬೇಕಾದರೆ ಬೆಲೆಯ ಬದಲು ಪಾಯಿಂಟರ್ ಇಡಬೇಕು. ಅಂದರೆ ಸುತ್ತಿ ಬಳಸಿ ಮತ್ತೆ ನಲ್ ಹತ್ತಿರವೇ ಬಂದು ನಿಂತಂತಾಯಿತು.

ಈ ಪಾಠವನ್ನು ಡೇಟಾ ಸಾಗಿಸುವ ಇನ್ನೊಂದು ರೂಪವಾದ ಗೂಗಲ್‌ನ ಪ್ರೋಟೊಕಾಲ್ ಬಫರ್‌ಗಳೂ ಕಲಿತವು. ಅದರ ಎರಡನೆಯ ಆವೃತ್ತಿಯಲ್ಲಿ ಫೀಲ್ಡು ಬಂದಿದೆಯೇ ಎಂದು ಕೇಳುವ ಸೌಲಭ್ಯವಿತ್ತು. ಮೂರನೆಯದರಲ್ಲಿ ಸರಳವಾಗಲಿ ಎಂದು ಮೂಲ ಜಾತಿಗಳಿಗೆ ಅದನ್ನು ತೆಗೆದರು. ಸೊನ್ನೆಗೂ ಇಲ್ಲದ್ದಕ್ಕೂ ಭೇದ ಅಳಿಸಿಹೋಯಿತು. ಜನ ನಾನಾ ಕಸರತ್ತು ಮಾಡಿದರು. ಕೊನೆಗೆ 2021ರಲ್ಲಿ ‘ಆಪ್ಶನಲ್’ ಎಂಬ ಪದವೇ ಮರಳಿ ಬಂತು. ಎಕ್ಸ್‌ಎಂಎಲ್ ಹಳತಾಯಿತು ಎನ್ನುವವರು ಗಮನಿಸಬೇಕಾದದ್ದು ಇದು. ರೂಪ ಬದಲಾದರೂ ಪ್ರಶ್ನೆ ಬದಲಾಗಿಲ್ಲ.

ಡೀಫಾಲ್ಟ್ ಎಂಬ ಬೋನು

ಸ್ಕೀಮಾದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಒಳಗಾದದ್ದು ಡೀಫಾಲ್ಟ್. ಆಟ್ರಿಬ್ಯೂಟಿಗೆ ಡೀಫಾಲ್ಟ್ ಕೊಟ್ಟಿದ್ದು, ಆಟ್ರಿಬ್ಯೂಟ್ ಬಾರದಿದ್ದರೆ ಡೀಫಾಲ್ಟ್ ಬೆಲೆ ಬಂದಂತೆ ಲೆಕ್ಕ. ಎಲ್ಲರೂ ಊಹಿಸುವುದು ಇದನ್ನೇ. ಎಲಿಮೆಂಟಿನ ನಿಯಮ ಮಾತ್ರ ಬೇರೆ: ಎಲಿಮೆಂಟ್ ಬಂದು ಖಾಲಿಯಿದ್ದರೆ ಮಾತ್ರ ಡೀಫಾಲ್ಟ್, ಬಾರದೇ ಇದ್ದರೆ ಏನೂ ಇಲ್ಲ. <ಕರೆನ್ಸಿ></ಕರೆನ್ಸಿ> ಎಂದು ಬಂದರೆ ರೂಪಾಯಿ, ಟ್ಯಾಗೇ ಬಾರದಿದ್ದರೆ ಕರೆನ್ಸಿ ಇಲ್ಲ.

ಜ್ಯಾಕ್ಸ್‌ಬಿ ಈ ನಿಯಮವನ್ನು ಅಕ್ಷರಶಃ ಪಾಲಿಸುತ್ತದೆ. ಡಾಟ್‌ನೆಟ್‌ನ ಹಳೆಯ ಟೂಲು ಪಾಲಿಸುವುದಿಲ್ಲ. ಅದು ಡೀಫಾಲ್ಟ್ ಬೆಲೆಯನ್ನು ವಸ್ತು ಹುಟ್ಟುವಾಗಲೇ ತುಂಬಿಟ್ಟಿರುತ್ತದೆ. ಟ್ಯಾಗು ಬಾರದಿದ್ದರೂ ಆ ಬೆಲೆ ಇರುತ್ತದೆ. ಬರೆಯುವಾಗ, ಬೆಲೆ ಡೀಫಾಲ್ಟಿಗೆ ಸಮನಾಗಿದ್ದರೆ ಟ್ಯಾಗನ್ನೇ ಬಿಡುತ್ತದೆ. ಹೇಗೂ ಆ ಕಡೆಯವರು ತುಂಬಿಕೊಳ್ಳುತ್ತಾರೆ ಎಂಬ ಭರವಸೆ. ಈಗ ಎರಡನ್ನೂ ಎದುರುಬದುರು ಕೂರಿಸಿ ನೋಡಿ. ಡಾಟ್‌ನೆಟ್ ಕಡೆಯವರು ಕರೆನ್ಸಿಗೆ ರೂಪಾಯಿ ಎಂದು ಖುದ್ದಾಗಿ ಇಟ್ಟು ಕಳಿಸಿದರು. ಡೀಫಾಲ್ಟೂ ರೂಪಾಯಿಯಾದ್ದರಿಂದ ಟ್ಯಾಗು ಹೋಗಲಿಲ್ಲ. ಜಾವಾ ಕಡೆಯವರಿಗೆ ಸಿಕ್ಕಿದ್ದು ನಲ್. ಸ್ಕೀಮಾ ಒಂದೇ, ಟೂಲುಗಳೆರಡೂ ಪ್ರಸಿದ್ಧ, ಕಡತವೂ ಸಿಂಧು. ಆದರೂ ಕಳಿಸಿದ್ದು ತಲುಪಲಿಲ್ಲ.

ತುಂಬಿದೆ ಎನ್ನುವ ಮನೆ

ಹಿರಿಯರಿರುವ ಎಷ್ಟೋ ಮನೆಗಳಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ಇಲ್ಲ’ ಎನ್ನುವಂತಿಲ್ಲ. ‘ಅಕ್ಕಿ ತುಂಬಿದೆ’ ಎನ್ನಬೇಕು. ಇಲ್ಲ ಎಂಬ ಅಪಶಕುನ ಬಾಯಲ್ಲಿ ಬರಬಾರದು. ಮನೆಯವರಿಗೆ ಅರ್ಥವಾಗುತ್ತದೆ, ಅಂಗಡಿಗೆ ಹೊರಡುತ್ತಾರೆ. ಹೊಸದಾಗಿ ಬಂದ ನೆಂಟರಿಗೆ ಮಾತ್ರ ಡಬ್ಬ ತುಂಬಿದೆ ಎಂದೇ ಕೇಳಿಸುತ್ತದೆ.

ಸ್ಕೀಮಾದಲ್ಲಿ ಫೀಲ್ಡು ಕಡ್ಡಾಯವಾಗಿದ್ದು, ಕೈಯಲ್ಲಿ ಬೆಲೆ ಇಲ್ಲದಿದ್ದರೆ ಆಗುವುದು ಇದೇ. ಬ್ಯಾಂಕುಗಳ ನಡುವೆ ಹಣ ಸಾಗಿಸುವ ಐಎಸ್‌ಒ 20022 ಸಂದೇಶಗಳಲ್ಲಿ, ಹಣ ಕಳಿಸಿದವರಿಂದ ಪಡೆದವರ ತನಕ ಬದಲಾಗದೆ ಸಾಗಬೇಕಾದ ಒಂದು ಗುರುತಿನ ಸಂಖ್ಯೆ ಕಡ್ಡಾಯ. ಗ್ರಾಹಕರು ಅದನ್ನು ಕೊಟ್ಟಿರದಿದ್ದರೆ ಬ್ಯಾಂಕು ಆ ಜಾಗದಲ್ಲಿ ‘ನಾಟ್‌ಪ್ರೊವೈಡೆಡ್’ ಎಂಬ ಪದವನ್ನೇ ಬರೆಯುತ್ತದೆ. ಯೂರೋಪಿನ ಸೇಪಾ ನಿಯಮಗಳಲ್ಲಿ ಇದು ಅಧಿಕೃತ ಪದ್ಧತಿ. ಟೂಲಿಗೆ ಅದೊಂದು ತುಂಬಿದ ಪಠ್ಯ. ಅದನ್ನು ‘ಕೊಟ್ಟಿಲ್ಲ’ ಎಂದು ಓದುವ ಜವಾಬ್ದಾರಿ ನಮ್ಮ ಕೋಡಿನದು. ಓದದಿದ್ದರೆ ಸಾವಿರಾರು ಪಾವತಿಗಳಿಗೆ ಒಂದೇ ಗುರುತು ಎಂದುಕೊಂಡು ನಕಲು ಹುಡುಕುವ ಪ್ರೋಗ್ರಾಮು ಗಾಬರಿ ಬೀಳುತ್ತದೆ.

ಕನ್ನಡಿಗರಿಗೆ ಈ ಕಡ್ಡಾಯದ ಬೋನಿನ ಅನುಭವ ಹೆಸರಿನಲ್ಲೇ ಇದೆ. ನಮ್ಮಲ್ಲಿ ಅನೇಕರಿಗೆ ಸರ್‌ನೇಮ್ ಎಂಬುದಿಲ್ಲ. ಹೆಸರಿನ ಹಿಂದೆ ಊರಿನದೋ ಅಪ್ಪನದೋ ಇನಿಶಿಯಲ್, ಅಷ್ಟೇ. ‘ಲಾಸ್ಟ್ ನೇಮ್ ಕಡ್ಡಾಯ’ ಎನ್ನುವ ಫಾರಂ ಎದುರಾದರೆ ಒಬ್ಬರು ಚುಕ್ಕಿ ಇಡುತ್ತಾರೆ, ಒಬ್ಬರು ಹೆಸರನ್ನೇ ಎರಡು ಸಲ ಬರೆಯುತ್ತಾರೆ, ಇನ್ನೊಬ್ಬರು ಊರನ್ನು ಬಿಡಿಸಿ ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಬರುತ್ತದೆ. ಹೆಸರು ಗೊತ್ತಿಲ್ಲದ್ದಲ್ಲ, ಆ ಪ್ರಶ್ನೆ ಅವರಿಗೆ ಅನ್ವಯಿಸದು. ಕಾಡ್ ಹೇಳಿದ ಎರಡು ಗುರುತುಗಳನ್ನು ಒಂದು ಮಾಡಿದರೆ ಮನುಷ್ಯರ ಹೆಸರೇ ಬದಲಾಗುತ್ತದೆ.

ಎಲ್ಲವೂ ಐಚ್ಛಿಕವಾಗುವ ರೋಗ

ಕಡ್ಡಾಯದ ಈ ಕಾಟಕ್ಕೆ ಹೆದರಿ ಸ್ಕೀಮಾ ಬರೆಯುವವರು ಎದುರು ದಿಕ್ಕಿಗೆ ಓಡುತ್ತಾರೆ: ಎಲ್ಲವನ್ನೂ ಐಚ್ಛಿಕ ಮಾಡುತ್ತಾರೆ. ಇನ್ನೊಂದು ಕಾರಣ ಆವೃತ್ತಿಗಳದು. ಚಾಲ್ತಿಯಲ್ಲಿರುವ ಸ್ಕೀಮಾಕ್ಕೆ ಕಡ್ಡಾಯ ಫೀಲ್ಡು ಸೇರಿಸಿದರೆ ಹಳಬರ ಕಡತಗಳೆಲ್ಲ ಅಸಿಂಧುವಾಗುತ್ತವೆ. ಐಚ್ಛಿಕ ಸೇರಿಸಿದರೆ ಯಾರಿಗೂ ತೊಂದರೆಯಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಸ್ಕೀಮಾ ತುಂಬ ಐಚ್ಛಿಕಗಳೇ.

ಐಎಸ್‌ಒ 20022ರ ಅಂಚೆ ವಿಳಾಸ ಇದಕ್ಕೆ ಒಳ್ಳೆಯ ಮಾದರಿ. ನಮ್ಮ ರಿಸರ್ವ್ ಬ್ಯಾಂಕಿನ ಆರ್‌ಟಿಜಿಎಸ್ 2013ರ ಅಕ್ಟೋಬರಿನಿಂದ ಈ ಮಾನದಂಡದ ಮೇಲೆ ನಡೆಯುತ್ತಿದೆ. ಅಲ್ಲಿ ವಿಳಾಸದೊಳಗಿನ ಬೀದಿ, ಕಟ್ಟಡ ಸಂಖ್ಯೆ, ಪಿನ್ ಕೋಡ್, ಊರು, ದೇಶ ಎಲ್ಲವೂ ಸ್ಕೀಮಾದ ಪ್ರಕಾರ ಐಚ್ಛಿಕ. ಬೀದಿಯ ಹೆಸರೇ ಇಲ್ಲದ ಹಳ್ಳಿಯನ್ನು ಇದು ಒಳಗೆ ಬಿಟ್ಟುಕೊಳ್ಳುತ್ತದೆ, ಅದು ಒಳ್ಳೆಯದೇ. ಆದರೆ ಪೂರ್ತಿ ಖಾಲಿ ವಿಳಾಸವನ್ನೂ ಬಿಡಬಲ್ಲದು. ಹಾಗಾಗಿ ದೇಶದೇಶಗಳ ನಡುವಿನ ಪಾವತಿಗೆ ಊರೂ ದೇಶವೂ ಇರಲೇಬೇಕು ಎಂಬಂಥ ನಿಯಮಗಳನ್ನು ಸ್ಕೀಮಾದ ಹೊರಗೆ, ಮಾರ್ಗದರ್ಶಿ ಕೈಪಿಡಿಗಳಲ್ಲಿ ಬರೆದಿದ್ದಾರೆ. ಕೋಡ್ ಹುಟ್ಟಿಸುವ ಟೂಲು ಕೈಪಿಡಿ ಓದುವುದಿಲ್ಲ.

‘ಇದು ಅಥವಾ ಅದು’ ಎಂಬ ಆಯ್ಕೆಯಲ್ಲೂ ಹೀಗೆಯೇ. ಖಾತೆಯ ಗುರುತಿಗೆ ಐಬ್ಯಾನ್ ಇರಬೇಕು ಅಥವಾ ಬೇರೆ ಸಂಖ್ಯೆ ಇರಬೇಕು, ಎರಡರಲ್ಲಿ ಒಂದು ಮಾತ್ರ ಎಂದು ಸ್ಕೀಮಾ ಸ್ಪಷ್ಟವಾಗಿ ಹೇಳುತ್ತದೆ. ಭಾರತದಲ್ಲಿ ಐಬ್ಯಾನ್ ಬಳಕೆಯಿಲ್ಲ. ನಮ್ಮ ಖಾತೆಗಳೆಲ್ಲ ಎರಡನೆಯ ಬಾಗಿಲಿನಿಂದಲೇ ಬರಬೇಕು. ಎಕ್ಸ್‌ಜೆಸಿ ಹುಟ್ಟಿಸುವ ಕ್ಲಾಸಿನಲ್ಲಿ ಎರಡೂ ನಲ್ ಆಗಬಲ್ಲ ಅಕ್ಕಪಕ್ಕದ ಫೀಲ್ಡುಗಳು. ಎರಡನ್ನೂ ತುಂಬಬಹುದು, ಎರಡನ್ನೂ ಬಿಡಬಹುದು. ‘ಒಂದೇ’ ಎಂಬ ನಿಯಮ ಕ್ಲಾಸಿಗೆ ಬರುವಷ್ಟರಲ್ಲಿ ಆವಿಯಾಗಿರುತ್ತದೆ.

ಪಟ್ಟಿಗಳ ವಿಷಯ ಚಿಕ್ಕದು. ಸೊನ್ನೆ ಸಲ ಬಂದ ಮಕ್ಕಳ ಟ್ಯಾಗುಗಳು ಖಾಲಿ ಪಟ್ಟಿಯಾಗುತ್ತವೆ; ಜ್ಯಾಕ್ಸ್‌ಬಿಯಲ್ಲಿ ಪಟ್ಟಿ ಎಂದೂ ನಲ್ ಆಗಿ ಕೈಗೆ ಸಿಗುವುದಿಲ್ಲ. ‘ಮಕ್ಕಳಿಲ್ಲ’ ಎಂಬುದಕ್ಕೂ ‘ಮಕ್ಕಳ ವಿವರ ಕೇಳಿಲ್ಲ’ ಎಂಬುದಕ್ಕೂ ಭೇದ ಬೇಕಿದ್ದರೆ ಸುತ್ತ <ಮಕ್ಕಳು> ಎಂಬ ಹೊರ ಟ್ಯಾಗು ಇಟ್ಟು ಅದನ್ನು ಐಚ್ಛಿಕ ಮಾಡಬೇಕು.

‘ಬೇಡ’ ಎನ್ನುವುದು ಹೇಗೆ?

ಇಷ್ಟರಲ್ಲೂ ದುಬಾರಿಯಾದ ತಪ್ಪು ಆಗುವುದು ದಾಖಲೆ ತಿದ್ದುವಾಗ. ಗ್ರಾಹಕರ ವಿಳಾಸ ಮಾತ್ರ ಬದಲಾಯಿಸಿ ಎಂದು ಸಂದೇಶ ಬಂತು, ದೂರವಾಣಿಯ ಟ್ಯಾಗು ಇಲ್ಲ. ನಂಬರನ್ನು ಹಾಗೇ ಬಿಡಬೇಕೋ ಅಳಿಸಬೇಕೋ? ನಲ್ ಒಂದೇ ಇರುವ ಕ್ಲಾಸಿನಿಂದ ಡೇಟಾಬೇಸಿಗೆ ನೇರ ಇಳಿಸಿದರೆ ನಂಬರ್ ಅಳಿಸಿಹೋಗುತ್ತದೆ. ನಲ್ ಇದ್ದರೆ ಮುಟ್ಟಬೇಡ ಎಂದು ಬರೆದರೆ ಅಳಿಸಬೇಕೆಂದವರು ಅಳಿಸಲಾರರು. ‘ಇಲ್ಲ’ ಎಂದರೆ ಮುಟ್ಟಬೇಡ, ‘ನಿಲ್’ ಎಂದರೆ ಅಳಿಸು ಎಂದು ಒಪ್ಪಂದ ಮಾಡಿಕೊಳ್ಳುವುದೇ ಇಲ್ಲಿ ನ್ಯಾಯವಾದ ದಾರಿ. ಜೇಸನ್ ಲೋಕದಲ್ಲಿ 2014ರ ಮರ್ಜ್ ಪ್ಯಾಚ್ ಮಾನದಂಡ ಇದನ್ನೇ ಮಾಡಿತು: ಕೀಲಿ ಇಲ್ಲದಿದ್ದರೆ ಹಾಗೇ ಬಿಡು, ನಲ್ ಬಂದರೆ ತೆಗೆದುಹಾಕು. ಎಕ್ಸ್‌ಎಂಎಲ್‌ನಲ್ಲಿ ಈ ಒಪ್ಪಂದ ನಿಲ್ಲಬೇಕಾದರೆ ಟೂಲು ಆ ಎರಡನ್ನೂ ಬೇರೆಯಾಗಿ ಉಳಿಸಿಕೊಟ್ಟಿರಬೇಕು. ಎಲ್ಲರೂ ಬೈದು ತೆಗೆಸಿದ ಆ ಜ್ಯಾಕ್ಸ್‌ಬಿ ಹೊದಿಕೆಯ ಬೆಲೆ ತಿಳಿಯುವುದು ಆಗಲೇ.

ಹಾಗಾದರೆ?

ಯಾವ ದಾರಿ ಮೇಲು? ಪೆಟ್ಟಿಗೆಯ ಭಾಷೆಗಳಲ್ಲಿ ಕಳೆಯುವುದು ಕಡಿಮೆ ಎಂಬುದು ನಿಜ. ಆದರೆ ಸ್ಕೀಮಾ ಹೇಳದ ಅರ್ಥವನ್ನು ಯಾವ ಪೆಟ್ಟಿಗೆಯೂ ಹುಟ್ಟಿಸಲಾರದು. ‘ಗೊತ್ತಿಲ್ಲ’ವೂ ‘ಅನ್ವಯಿಸದು’ವೂ ಅಲ್ಲೂ ಒಂದೇ ಖಾಲಿ ಪೆಟ್ಟಿಗೆ. ಹಾಗಾಗಿ ಟೂಲು ಯಾವುದೇ ಇರಲಿ, ಅರ್ಥದ ಹೊಣೆ ಬರೆಯುವವರದು.

ಹುಟ್ಟಿಸಿದ ಕ್ಲಾಸುಗಳನ್ನು ಮನೆಯ ಹೊಸ್ತಿಲಲ್ಲೇ ನಿಲ್ಲಿಸುವುದು ಒಳ್ಳೆಯ ರೂಢಿ. ಒಂದೇ ಜಾಗದಲ್ಲಿ ಅವನ್ನು ನಮ್ಮದೇ ಕ್ಲಾಸುಗಳಿಗೆ ಬದಲಾಯಿಸಬೇಕು. ನಲ್, ಬಾಲ, ಹೊದಿಕೆ, ‘ನಾಟ್‌ಪ್ರೊವೈಡೆಡ್’ ಎಲ್ಲವೂ ಅಲ್ಲಿಗೇ ಮುಗಿದು, ಒಳಗೆ ಬರುವುದು ‘ಕೊಟ್ಟಿಲ್ಲ’, ‘ಅಳಿಸಿ’ ಎಂಬಂಥ ಹೆಸರಿರುವ ಸ್ಥಿತಿಗಳು ಮಾತ್ರ. ಹುಟ್ಟಿಸಿದ ಕೋಡನ್ನು ಕೈಯಿಂದ ತಿದ್ದಬಾರದು, ಮುಂದಿನ ಸಲ ಹುಟ್ಟಿಸಿದಾಗ ತಿದ್ದುಪಡಿ ಅಳಿಸಿಹೋಗುತ್ತದೆ. ತಿದ್ದುವುದನ್ನು ಬೈಂಡಿಂಗ್ ಕಡತದಲ್ಲೋ ಪಾರ್ಶಿಯಲ್ ಕ್ಲಾಸಿನಲ್ಲೋ ಮಾಡಬೇಕು. ಬಂದ ಕಡತವನ್ನು ಸ್ಕೀಮಾದೊಂದಿಗೆ ತಾಳೆ ನೋಡಲು ಟೂಲಿಗೆ ಹೇಳಬೇಕು, ಅದು ತಾನಾಗಿ ನೋಡುತ್ತದೆಂದು ನಂಬಬಾರದು. ಸ್ಕೀಮಾ ಮೀರಿದ ನಿಯಮಗಳಿಗೆ ಸ್ಕೀಮಾಟ್ರಾನ್ ಇದೆ. 2012ರ ಎಕ್ಸ್‌ಎಂಎಲ್ ಸ್ಕೀಮಾ 1.1ರಲ್ಲಿ ‘ಇದಿದ್ದರೆ ಅದೂ ಇರಲಿ’ ಎಂದು ಬರೆಯುವ ಸೌಲಭ್ಯವೂ ಬಂದಿದೆ. ಆದರೆ ಡಾಟ್‌ನೆಟ್‌ನ ಸ್ವಂತ ಲೈಬ್ರರಿಯಂಥವು ಇನ್ನೂ ಹಳೆಯ ಆವೃತ್ತಿಯಲ್ಲೇ ಇವೆ.

ಆ ಫೋನ್ ಕರೆಯ ನಂತರ ನಾನು ಬಿಡದೆ ಇಟ್ಟುಕೊಂಡಿರುವ ಅಭ್ಯಾಸ ಇದಕ್ಕಿಂತ ಚಿಕ್ಕದು. ಹೊಸ ಸ್ಕೀಮಾ ಕೈಗೆ ಬಂದ ದಿನ ಒಂದು ಪುಟ್ಟ ಕಡತ ಬರೆಯುತ್ತೇನೆ. ಅದರಲ್ಲಿ ಒಂದೇ ಫೀಲ್ಡಿನ ದಾಖಲೆಗಳು: ಒಂದರಲ್ಲಿ ಟ್ಯಾಗಿಲ್ಲ, ಒಂದರಲ್ಲಿ ಖಾಲಿ, ಒಂದರಲ್ಲಿ ನಿಲ್, ಒಂದರಲ್ಲಿ ಸೊನ್ನೆ, ಒಂದರಲ್ಲಿ ಡೀಫಾಲ್ಟಿಗೆ ಸಮನಾದ ಬೆಲೆ. ಅದನ್ನು ಓದಿಸಿ, ಏನೂ ಮಾಡದೆ ಬರೆಯಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಐದು ಹೋಗಿ ಐದು ಹಾಗೇ ಮರಳಿದ್ದು ಅಪರೂಪ. ಯಾವುದು ಯಾವುದರೊಳಗೆ ಕರಗಿತೆಂದು ಒಂದು ಚೀಟಿಯಲ್ಲಿ ಬರೆದು, ಕೆಲಸ ಶುರುವಾಗುವ ಮೊದಲೇ ಆ ಕಡೆಯವರಿಗೆ ಫೋನ್ ಮಾಡುತ್ತೇನೆ.